ಪೆರಂಬೂರಿನ ಕೆಂಪು ಚುಕ್ಕೆ, ಎರಡು ಬಕೆಟ್ಟು ನೀರು

ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಬರುವ ನಮ್ಮವರಲ್ಲಿ ಬಹಳ ಮಂದಿ ಪೆರಂಬೂರನ್ನು ಕಿಟಕಿಯಿಂದಷ್ಟೇ ನೋಡಿರುತ್ತಾರೆ. ಸೆಂಟ್ರಲ್ ಇನ್ನೇನು ಬಂತು ಎಂದು ಬ್ಯಾಗು ಕೆಳಗಿಳಿಸುವ ಹೊತ್ತಿಗೆ ಹಾದುಹೋಗುವ ಊರು. ವಿಲ್ಲಿವಾಕ್ಕಂ ದಾಟಿದ ಮೇಲೆ ಪೆರಂಬೂರು ಲೋಕೋ ವರ್ಕ್ಸ್, ಪೆರಂಬೂರು ಕ್ಯಾರೇಜ್ ವರ್ಕ್ಸ್, ಆಮೇಲೆ ಬರೀ ಪೆರಂಬೂರು ಅಂತ ಸಾಲಾಗಿ ಮೂರು ನಿಲ್ದಾಣ. 1856ರಲ್ಲಿ ದಕ್ಷಿಣದ ಮೊದಲ ರೈಲು ರಾಯಪುರದಿಂದ ವಾಲಾಜಾ ರೋಡಿನ ಕಡೆ ಹೋದದ್ದು ಈ ದಾರಿಯಲ್ಲೇ. 1955ರ ಅಕ್ಟೋಬರ್ 2ರಂದು ನೆಹರು ಉದ್ಘಾಟಿಸಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇಲ್ಲಿದೆ. ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುವ ವಂದೇ ಭಾರತ್ ಮೊದಲು ತಯಾರಾದದ್ದೂ ಇಲ್ಲಿಯೇ, 2018ರಲ್ಲಿ. ಒಟ್ಟಿನಲ್ಲಿ ಊರಿನ ತುಂಬ ಕಬ್ಬಿಣ.

ಆ ಕಬ್ಬಿಣ ನನ್ನ ಕಾರಿನ ಮೇಲೂ ಕೂತಿದೆ ಎಂದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು.

ಕೆಲಸದ ಮೇಲೆ ಇಲ್ಲಿಗೆ ಬಂದು, ಹಳಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಸೇರಿದವನು ನಾನು. ಸೆಕೆಂಡ್ ಹ್ಯಾಂಡ್ ಬಿಳಿ ಕಾರು, ಮೇಲೆ ಸೂರಿಲ್ಲದ ಪಾರ್ಕಿಂಗು. ಒಂದು ದಿನ ನೋಡುತ್ತೇನೆ, ಬಾನೆಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಉಜ್ಜಿದರೂ ಹೋಗವು. ತುಕ್ಕು ಹಿಡಿಯಿತು, ಮೋಸ ಹೋದೆ ಎಂದುಕೊಂಡೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಗೀರುಗಳು ಬೇರೆ. ಅದಕ್ಕೆ ಮಾತ್ರ ನನ್ನ ಬಳಿ ಆರೋಪಿ ಸಿದ್ಧನಿದ್ದ: ಬೆಳಗ್ಗೆ ಐದಕ್ಕೆ ಬಂದು ನಮ್ಮ ಬಿಲ್ಡಿಂಗಿನ ಹತ್ತು ಕಾರು ಒರೆಸುವ ಅಣ್ಣ. ಮುಂದಿನ ತಿಂಗಳಿಂದ ಬರಬೇಡ ಅನ್ನಲು ತೀರ್ಮಾನಿಸಿದ್ದೆ.

ಕೆಳಗಿನ ಮನೆಯ ಹಿರಿಯರು ತಡೆದರು. ಕೋಚ್ ಫ್ಯಾಕ್ಟರಿಯ ಪೇಂಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ಬಾನೆಟ್ಟಿನ ಮೇಲೆ ಕೈಯಾಡಿಸಿ ನಕ್ಕರು. "ತಂಬಿ, ಇದು ನಿನ್ನ ಕಾರಿನ ತುಕ್ಕಲ್ಲ, ರೈಲಿನದು" ಎಂದರು. ರೈಲಿನ ಚಕ್ರ, ಹಳಿ, ಬ್ರೇಕು ತಿಕ್ಕಾಡಿದಾಗ ಕಣ್ಣಿಗೆ ಕಾಣದ ಕಬ್ಬಿಣದ ಚೂರುಗಳು ಹಾರುತ್ತವೆ. ಗಾಳಿಯಲ್ಲಿ ಬಂದು ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ ಚುಚ್ಚಿಕೊಳ್ಳುತ್ತವೆ. ಚೆನ್ನೈಯ ಉಪ್ಪುಗಾಳಿಯ ತೇವಕ್ಕೆ ಅಲ್ಲೇ ತುಕ್ಕಾಗಿ ಕೆಂಪಗಾಗುತ್ತವೆ. ಕಾರು ತಿದ್ದುವವರು ಇದಕ್ಕೆ ರೈಲ್ ಡಸ್ಟ್ ಎಂದೇ ಹೆಸರಿಟ್ಟಿದ್ದಾರಂತೆ. ನಿಮ್ಮ ಮನೆ ಹಳಿಯ ಪಕ್ಕದಲ್ಲಿದ್ದರೆ ಒಮ್ಮೆ ಪರೀಕ್ಷಿಸಿ ನೋಡಿ. ಕಾರು ತೊಳೆದು ಒಣಗಿಸಿ, ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ. ಬರಿಗೈಗೆ ನುಣುಪು ಅನಿಸಿದ ಜಾಗವೂ ಚೀಲದೊಳಗಿನ ಬೆರಳಿಗೆ ಮರಳುಕಾಗದದ ಹಾಗೆ ತಗಲುತ್ತದೆ.

ಮುಂದಿನ ಭಾನುವಾರ ಅವರೇ ಪಾಠ ಮಾಡಿದರು. ಬಿಸಿಲೇರುವ ಮುಂಚೆ ಶುರು. ಬಾನೆಟ್ಟು ಕಾದಿದ್ದರೆ ನೀರು ಅಲ್ಲೇ ಆರಿ ಕಲೆ ಕೂರುತ್ತದೆ, ಅದರಲ್ಲೂ ನಮ್ಮ ಬೋರ್ ನೀರು ಆರಿದರೆ ಸುಣ್ಣದ ಬಿಳಿ ಉಂಗುರ. ಎರಡು ಬಕೆಟ್ಟು ಇಡಿಸಿದರು. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಒಂದೆರಡು ಚೊಂಬು ನೀರು ಮೇಲಿಂದ ಸುರಿದು ಧೂಳನ್ನು ಇಳಿಸಬೇಕು. ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಒಂದು ಬಾಗಿಲಿನಷ್ಟು ಜಾಗ ಒರೆಸಬೇಕು, ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಹಿಂಡಬೇಕು, ಮತ್ತೆ ಶಾಂಪೂ. ಮರಳೆಲ್ಲ ಎರಡನೇ ಬಕೆಟ್ಟಿನ ತಳದಲ್ಲಿ ಉಳಿಯುತ್ತದೆ, ಕಾರಿನ ಮೇಲೆ ವಾಪಸು ಹೋಗುವುದಿಲ್ಲ. ಇಡೀ ವಿದ್ಯೆಯ ಗುಟ್ಟು ಇಷ್ಟೇ ಎಂದರೂ ನಡೆದೀತು. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್ಟು, ಬಾಗಿಲುಗಳ ಕೆಳಭಾಗ ಕೊನೆಗೆ. ಚಕ್ರಗಳಿಗೆ ಬೇರೆಯೇ ಬಟ್ಟೆ, ಅದನ್ನು ಅಪ್ಪಿತಪ್ಪಿಯೂ ಮೇಲೆ ತರಬಾರದು. ಪಾತ್ರೆ ತೊಳೆಯುವ ಸೋಪು ಬೇಡ, ಹಿಂದೆ ಹಚ್ಚಿದ ವ್ಯಾಕ್ಸನ್ನೂ ಅದು ಎಬ್ಬಿಸಿಬಿಡುತ್ತದೆ.

ಕೆಂಪು ಚುಕ್ಕೆಗೆ ಐರನ್ ರಿಮೂವರ್ ಎಂಬ ದ್ರಾವಣ ಬರುತ್ತದೆ. ತೊಳೆದ ಕಾರಿನ ಮೇಲೆ ನೆರಳಿನಲ್ಲಿ ಸಿಂಪಡಿಸಿ ಕಾದರೆ ಕೆಲವೇ ನಿಮಿಷದಲ್ಲಿ ಬಿಳಿ ಬಾನೆಟ್ಟಿನ ಮೇಲೆ ನೇರಳೆ ಬಣ್ಣದ ಹನಿಗಳು ಜಾರತೊಡಗಿದವು. ಕಬ್ಬಿಣ ಕರಗಿ ಇಳಿಯುವ ಬಣ್ಣ ಅದು. ವಾಸನೆ ಮಾತ್ರ ಕೊಳೆತ ಮೊಟ್ಟೆಗೆ ಹತ್ತಿರ, ಹೆಂಡತಿ ಬಾಲ್ಕನಿಯಿಂದಲೇ ಮೂಗು ಮುಚ್ಚಿಕೊಂಡಳು. ದ್ರಾವಣ ಆರುವ ಮುಂಚೆ ತೊಳೆದುಬಿಡಬೇಕು. ಉಳಿದದ್ದನ್ನು ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮುದ್ದೆಯಿಂದ, ಶಾಂಪೂ ನೀರು ಧಾರಾಳವಾಗಿ ಹಾಕಿಕೊಂಡು, ಒತ್ತದೆ, ನೇರ ಗೆರೆಯಲ್ಲಿ ಸವರಿ ತೆಗೆದೆವು. ಒಂದು ಸಲ ಮುದ್ದೆ ನನ್ನ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಹೋದರೆ "ಬಿಸಾಡು!" ಎಂದು ಗದರಿದರು. ಮರಳು ಮೆತ್ತಿದ ಮುದ್ದೆ ಕಾರಿಗೆ ಉಪ್ಪುಕಾಗದವೇ ಸರಿ. ಕೊನೆಗೆ ಒಂದು ಪದರ ವ್ಯಾಕ್ಸು. ಪಾಲಿಶು, ಸೆರಾಮಿಕ್ ಕೋಟಿಂಗು ಎಂದು ಸಾವಿರಾರು ರೂಪಾಯಿ ಹೇಳುವವರಿದ್ದಾರೆ. ಹೊಸಬರು ಅದಕ್ಕೆ ಅವಸರಪಡಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಪಾಲಿಶೆಂದರೆ ಬಣ್ಣದ ಮೇಲ್ಪದರವನ್ನು ಚೂರು ಚೂರೇ ಸವೆಸುವುದು, ಅದು ಮತ್ತೆ ಬೆಳೆಯುವ ವಸ್ತುವಲ್ಲ.

ಇಷ್ಟಕ್ಕೆಲ್ಲ ನೀರೆಷ್ಟು ಖರ್ಚಾಯಿತು ಗೊತ್ತೇ? ದ್ರಾವಣ ತೊಳೆದದ್ದೂ ಸೇರಿ ಐದು ಬಕೆಟ್ಟು. ಬರೀ ವಾರದ ತೊಳೆತಕ್ಕಾದರೆ ಎರಡು, ಹೆಚ್ಚೆಂದರೆ ಮೂರು. ಊರಿನಲ್ಲಿ ಅಪ್ಪ ಪೈಪು ಹಿಡಿದು ಜೀಪು ತೊಳೆಯುತ್ತಿದ್ದುದು ನೆನಪಾಯಿತು. ನಿಮಿಷಕ್ಕೆ 10 ಲೀಟರು ಬರುವ ಪೈಪನ್ನು ಕಾಲು ಗಂಟೆ ಬಿಟ್ಟರೆ 150 ಲೀಟರು. ಇಲ್ಲಿ ಹಾಗೆ ಪೈಪು ಹಿಡಿದರೆ ಅಕ್ಕಪಕ್ಕದವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಬಾಗಿಲಲ್ಲಿ ನಿಂತು ನೋಡುತ್ತಾರೆ, ಅಷ್ಟೇ ಸಾಕು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿದವು. ಜುಲೈ 12ರಂದು ಜೋಲಾರಪೇಟೆಯಿಂದ ನೀರು ತುಂಬಿದ 50 ವ್ಯಾಗನ್ನಿನ ರೈಲು ಬಂತು, ಒಂದೇ ಗಾಡಿಯಲ್ಲಿ 25 ಲಕ್ಷ ಲೀಟರು. ಅದು ನಿಂತದ್ದು ನಮ್ಮ ಪಕ್ಕದ ವಿಲ್ಲಿವಾಕ್ಕಂನಲ್ಲಿ. ನಾವು ಬೆಂಗಳೂರಿಗೆ ಹೋಗಿಬರುವ ಅದೇ ಹಳಿಯ ಮೇಲೆ ಕುಡಿಯುವ ನೀರು ಬಂದಿತ್ತು. ಹಿರಿಯರು ಅದನ್ನು ನೋಡಲೆಂದೇ ಹೋಗಿದ್ದರಂತೆ. "ಅವತ್ತಿನಿಂದ ನನ್ನ ಸ್ಕೂಟರಿಗೆ ಒಂದೇ ಚೊಂಬು" ಅಂದರು.

ನಾನು ಇದನ್ನು ಫೋನಿನಲ್ಲಿ ಹೇಳಿದಾಗ ಬೆಂಗಳೂರಿನ ಭಾವ ನಕ್ಕಿದ್ದರು. 2024ರ ಮಾರ್ಚಿನಲ್ಲಿ ಅವರ ನಗುವೂ ನಿಂತಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. "ಅದೇನೋ ಎರಡು ಬಕೆಟ್ಟಿನ ಲೆಕ್ಕ ಹೇಳ್ತಿದ್ಯಲ್ಲ, ಇನ್ನೊಂದ್ಸಲ ಹೇಳು" ಅಂತ ಅವರೇ ಫೋನು ಮಾಡಿದರು. ನಾನು ಬಟ್ಟೆ ತೊಳೆದ ಕೊನೆಯ ನೀರನ್ನು ಚಕ್ರಗಳಿಗೆ ಇಟ್ಟುಕೊಳ್ಳಿ ಎಂಬ ಸ್ವಂತ ಸಲಹೆಯನ್ನೂ ಸೇರಿಸಿದೆ.

ಇನ್ನು ಆ ಅಣ್ಣನ ವಿಷಯ. ಗೀರುಗಳು ಅವನ ಕೈಯಿಂದಲೇ ಆದದ್ದು ನಿಜ. ಆದರೆ ಅವನಿಗೆ ನಾವು ಕೊಟ್ಟದ್ದೇನು? ಹತ್ತು ಕಾರಿಗೆ ಒಂದು ಬಕೆಟ್ಟು ನೀರು, ಯಾರದೋ ಹಳೇ ಬನಿಯನ್ನು. ಮೊದಲ ಕಾರಿನ ಮರಳು ಹತ್ತನೆಯದರ ಮೇಲೆ ಓಡಾಡಿತ್ತು, ನನ್ನದು ಒಂಬತ್ತನೆಯದು. ನಾನು ಒಂದು ಬಕೆಟ್ಟು, ಆರು ಮೈಕ್ರೋಫೈಬರ್ ಬಟ್ಟೆ ತಂದುಕೊಟ್ಟೆ. ದಿನಾ ಒಣ ಧೂಳು ಒರೆಸಬೇಡ, ವಾರಕ್ಕೆರಡು ಸಲ ಒದ್ದೆ ಮಾಡಿ ತೊಳೆದರೆ ಸಾಕು, ದುಡ್ಡು ಅಷ್ಟೇ ಕೊಡುತ್ತೇನೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. "ದಿನಾ ಬರದಿದ್ರೆ ಬೇರೆಯವರು ಸುಮ್ನೆ ಇರ್ತಾರಾ ಸಾರ್?" ಎಂದು ಕೇಳಿದ. ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ಮುರುಕು ತಮಿಳಿನಲ್ಲಿ ಜೇಡರ ಬಲೆಯ ಕತೆ ಹೇಳಬೇಕಾಯಿತು. ಹತ್ತರಲ್ಲಿ ಆರು ಮನೆಯವರು ಒಪ್ಪಿದರು. ಉಳಿದ ನಾಲ್ಕು ಕಾರುಗಳನ್ನು ಅವನು ಈಗಲೂ ದಿನಾ ಒರೆಸುತ್ತಾನೆ.

ಒಂದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆಮೇಲೊಂದು ಬೆಳಗ್ಗೆ ನೋಡಿದರೆ ಮತ್ತೆ ಒಂದೇ ಬಕೆಟ್ಟು. ಇನ್ನೊಂದೆಲ್ಲಿ ಅಣ್ಣಾ ಎಂದೆ. ತಲೆ ತಗ್ಗಿಸಿದ. ಅವನ ಮನೆ ಪುಲಿಯಂತೋಪಿನಲ್ಲಿ. ಬೀದಿಗೆ ನೀರಿನ ಲಾರಿ ಬಂದ ದಿನ ಕೊಡಗಳು ಸಾಲದೆ ಹೆಂಡತಿ ಆ ಬಕೆಟ್ಟನ್ನೂ ಸಾಲಿನಲ್ಲಿ ಇಟ್ಟಿದ್ದಳಂತೆ. "ತುಂಬಿ ಇಟ್ಟಿದೀವಿ ಸಾರ್, ನೀರು ಖಾಲಿಯಾದ್ಮೇಲೆ ತರ್ತೀನಿ" ಎಂದ.

ಸಂಜೆ ಆಫೀಸಿನಿಂದ ಬರುವಾಗ ಪೇಪರ್ ಮಿಲ್ಸ್ ರಸ್ತೆಯಲ್ಲಿ ಇಳಿದು ಇನ್ನೊಂದು ಬಕೆಟ್ಟು ತಂದೆ. ಈ ಸಲ ಮುಚ್ಚಳವಿರುವುದನ್ನು ನೋಡಿಕೊಂಡು ತಂದೆ.