‘ನಾಚಿಕೆಯ ಗೋಡೆ’ಯ ಈ ಬದಿ

ಪೆರು ಅಂದ್ರೆ ಮಾಚು ಪಿಚು, ಅಷ್ಟೇ ಅಂದುಕೊಂಡವರೇ ಹೆಚ್ಚು. ನಾನು ರಾಜಧಾನಿ ಲಿಮಾದಲ್ಲಿ ಒಂದು ದಿನ ಜಾಸ್ತಿ ಉಳಿದು ಪಂಪ್ಲೋನಾ ಆಲ್ತಾ ಗುಡ್ಡ ಹತ್ತಿದೆ. ಎಲ್ಲೆಲ್ಲೂ ಧೂಳು, ತಗಡು-ಪ್ಲೈವುಡ್ ಮನೆಗಳು. ತುದಿಯಲ್ಲಿ ಆಳೆತ್ತರ ಮೀರಿದ ಗೋಡೆ, ಅದರ ಮೇಲೆ ಮುಳ್ಳುತಂತಿ. ಆಚೆ ಕಾಸುವಾರಿನಾಸ್ ಬಡಾವಣೆಯ ಈಜುಕೊಳದ ಬಂಗಲೆಗಳು. ಜನ ಇದನ್ನು ಕರೆಯೋದು ‘ನಾಚಿಕೆಯ ಗೋಡೆ’ ಅಂತ.

ಈಚೆಯವರು ಇಲ್ಲಿಗೆ ಬಂದದ್ದಾದರೂ ಯಾಕೆ? 1980ರಲ್ಲಿ ಮಾವೋವಾದಿ ಬಂಡುಕೋರರಿಗೂ ಸರ್ಕಾರಕ್ಕೂ ಶುರುವಾದ ಕಾಳಗದಲ್ಲಿ ಸುಮಾರು 69,000 ಮಂದಿ ಸತ್ತರು ಇಲ್ಲವೇ ಕಾಣೆಯಾದರು ಎಂದು ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜಿಸಿತು. ನಾಲ್ವರಲ್ಲಿ ಮೂವರು ಕೆಚುವಾದಂಥ ಮೂಲನಿವಾಸಿ ಭಾಷೆಯವರು. ಅಯಾಕುಚೊ ಕಡೆಯಿಂದ ಜೀವ ಉಳಿಸಿಕೊಂಡು ಓಡಿಬಂದ ಎಷ್ಟೋ ಜನರಿಗೆ ಸಿಕ್ಕಿದ್ದು ಲಿಮಾದ ಇಂಥ ಬೋಳುಗುಡ್ಡಗಳೇ.

ನಾನು ನೋಡಿದ ಕೇರಿಯಲ್ಲಿ ನಲ್ಲಿ ಇಲ್ಲ. ಟ್ಯಾಂಕರ್ ನೀರನ್ನು ಡ್ರಮ್ಮಿಗೆ ತುಂಬಿಸಿಕೊಳ್ಳಬೇಕು. ಲೀಟರ್ ಲೆಕ್ಕ ಹಾಕಿದರೆ ಗೋಡೆಯಾಚೆಯ ನಲ್ಲಿನೀರಿಗಿಂತ ದುಬಾರಿ. ನನಗೆ ಗೋಡೆಗಿಂತ ಇದೇ ಜಾಸ್ತಿ ಚುಚ್ಚಿತು.

ಲಾ ಮೊಲಿನಾ ಕಡೆಯ ಗೋಡೆ ಕೆಡವಿ ಎಂದು ಸಂವಿಧಾನ ನ್ಯಾಯಾಲಯ ಹೇಳಿ, 2023ರಲ್ಲಿ ಕೆಲಸ ಶುರುವೂ ಆಯಿತು. ಆ ಮಾತು ತೆಗೆದರೆ ಅಂಗಡಿಯ ಅಜ್ಜಿ ತಲೆಯಾಡಿಸಿದರು, ಅಷ್ಟೇ. ಅವರ ಕಣ್ಣು ರಸ್ತೆಯ ಮೇಲಿತ್ತು. ನೀರಿನ ಲಾರಿ ಇನ್ನೂ ಬಂದಿರಲಿಲ್ಲ.