ಸೀಲನ್ ಗೋಡೆಗೆ ಮೂರು ಕೈ ಸುಣ್ಣ

ಕಾಶಿಯಲ್ಲಿ ಬಾಡಿಗೆ ಮನೆ ಹಿಡಿದವರು ಬೇಗ ಕಲಿಯುವ ಹಿಂದಿ ಪದ 'ಸೀಲನ್'. ಅಂದರೆ ಗೋಡೆಯ ಥಂಡಿ. ಹನುಮಾನ್ ಘಾಟ್, ಕೇದಾರ ಘಾಟ್ ಕಡೆಯ ಗಲ್ಲಿಗಳಲ್ಲಿ ದಕ್ಷಿಣದವರು ತಲೆಮಾರುಗಳಿಂದ ಇದ್ದಾರೆ. ಬೆಳಿಗ್ಗೆ ಇಡ್ಲಿ ಸಿಗುತ್ತದೆ, ತಮಿಳು ತೆಲುಗು ಕಿವಿಗೆ ಬೀಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಕರ್ನಾಟಕದ ಹೆಸರಿನ ಘಾಟೇ ಇದೆ, ಗೊದೌಲಿಯಾ ಕಡೆ ಹೋದರೆ ಜಂಗಮವಾಡಿ ಮಠ. ಇದನ್ನೆಲ್ಲ ನೋಡಿ ಖುಷಿಯಿಂದ ಅಡ್ವಾನ್ಸ್ ಕೊಟ್ಟವರಿಗೆ ಗೋಡೆಯ ನಿಜವಾದ ಪರಿಚಯ ಆಗುವುದು ಶ್ರಾವಣ ಬಂದಾಗ.

ಬಿಎಚ್‌ಯುನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ನಾನಿರುವುದು ಇಂಥದ್ದೊಂದು ಗಲ್ಲಿಯ ಹಳೇ ಮನೆಯ ಮಹಡಿಯಲ್ಲಿ. ಅಲ್ಲಿ ಗಾಳಿ ಬೆಳಕಿಗೆ ಕೊರತೆಯಿಲ್ಲ. ಆದರೆ ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರೆತರುವುದೆಂದಾಯಿತು. ಅವಳ ಮಂಡಿಗೆ ಇಲ್ಲಿನ ಕಡಿದಾದ ಮೆಟ್ಟಿಲು ಆಗುವುದಿಲ್ಲ. ಹಾಗಾಗಿ ಕೆಳಗಿನ ಕೋಣೆಯನ್ನೂ ಬಾಡಿಗೆಗೆ ತೆಗೆದುಕೊಂಡೆ.

ಸಾಗರದ ಹತ್ತಿರದ ನಮ್ಮೂರಿನಲ್ಲಿ ಈ ಸುದ್ದಿ ಬೇರೆಯೇ ಅರ್ಥ ಪಡೆಯಿತು. ಮಗ ಬೆಂಗಳೂರಿನಲ್ಲಿದ್ದು ತಾಯಿಯನ್ನು ಕರೆದುಕೊಂಡರೆ ಅದು 'ಮಗನ ಮನೆ'. ಮಗ ಕಾಶಿಯಲ್ಲಿದ್ದರೆ ಅದು 'ಕಾಶೀವಾಸ'. ಬಂಧುಗಳು ಒಬ್ಬೊಬ್ಬರಾಗಿ ಬಂದು ಅಮ್ಮನ ಕೈ ಹಿಡಿದು, ಪುಣ್ಯ ಮಾಡಿದ್ದೀಯೆ ಎಂದು ಕಣ್ಣೀರು ಹಾಕಿ ಹೋದರಂತೆ. ಫೋನಿನಲ್ಲಿ ಅಮ್ಮ, "ಎಲ್ರೂ ಕಳಿಸಿ ಕೊಡೋಕೆ ಬಂದಂಗೆ ಬರ್ತಿದಾರೆ ಕಣೋ. ನಂಗಿನ್ನೂ ಅರವತ್ತೆಂಟು" ಎಂದಳು. ನಕ್ಕಳು. ಆ ನಗೆಯಲ್ಲಿ ಸ್ವಲ್ಪ ಭಯವೂ ಇತ್ತು. ಇಲ್ಲಿ ಅವಳಿಗೆ ಬೇಕಾದದ್ದು ಬದುಕುವ ಕೋಣೆ ಎಂದು ನನಗೆ ಆಗಲೇ ತೀರ್ಮಾನವಾಗಿತ್ತು.

ಕೋಣೆಯೋ, ಬಾಗಿಲು ತೆಗೆದರೆ ಹಳೇ ನೆಲಮಾಳಿಗೆಯ ವಾಸನೆ. ಹಿಂದೆ ಇದ್ದವರು ಯಾರೋ ಪುಟ್ಟಿ ಹಾಕಿಸಿ ಹೊಳೆಯುವ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ದರು. ಸೊಂಟದೆತ್ತರದವರೆಗೆ ಅದು ಹಪ್ಪಳದಂತೆ ಉಬ್ಬಿ, ಬೆರಳು ತಾಗಿಸಿದರೆ ಉದುರುತ್ತಿತ್ತು. ಒಳಗೆ ಬಿಳಿ ಉಪ್ಪು. ನಮ್ಮ ಕಡೆ 'ಚೌಳು ಹಿಡಿದಿದೆ' ಎನ್ನುವುದನ್ನು ಇಲ್ಲಿಯವರು 'ಲೋನಾ' ಎನ್ನುತ್ತಾರೆ. ಒಂದು ಕಾಲದಲ್ಲಿ ಬಿಹಾರ ಮತ್ತು ಈ ಪೂರ್ವಾಂಚಲದಲ್ಲಿ ನೋನಿಯಾ ಸಮುದಾಯದವರು ಇಂಥ ಉಪ್ಪುಮಣ್ಣನ್ನು ಕೆರೆದು, ಕುದಿಸಿ, ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಹಡಗುಗಟ್ಟಲೆ ಒಯ್ದಿತು. ನನ್ನ ಪಾಲಿಗೆ ಬಂದದ್ದು ಗುಡಿಸಿದಷ್ಟೂ ಮುಗಿಯದ ಪುಡಿ.

ದೀಪಾವಳಿಗೆ ಮುಂಚಿನ ತಿಂಗಳು ಇಲ್ಲಿ 'ಪುತಾಯಿ'ಯ ಕಾಲ. ಊರಿಗೆ ಊರೇ ಗೋಡೆ ಬಳಿಯುತ್ತದೆ, ಕೆಲಸದವರು ಸಿಗುವುದು ಕಷ್ಟ. ಮೊದಲು ಬಂದ ಗುತ್ತಿಗೆದಾರ ಪುಟ್ಟಿ, ಪ್ರೈಮರ್, ಡ್ಯಾಂಪ್ ಕೋಟ್, ಎರಡು ಕೋಟ್ ಎಮಲ್ಷನ್ ಎಂದು 18,000 ರೂಪಾಯಿ ಲೆಕ್ಕ ಕೊಟ್ಟ. ಎರಡನೆಯವರು ಅರವತ್ತರ ಮಿಸ್ತ್ರಿ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, "ಇದು ಲಖೌರಿ ಇಟ್ಟಿಗೆ, ಸುಣ್ಣ-ಸುರ್ಖಿಯ ಗೋಡೆ. ಇದಕ್ಕೆ ಉಸಿರು ಬೇಕು. ನೀವು ರೈನ್‌ಕೋಟ್ ತೊಡಿಸಿ ಕೂರಿಸಿದ್ದೀರಿ" ಎಂದರು.

ಅವರು ಹೇಳಿದ್ದು ವಿಜ್ಞಾನವೇ. ಲಖೌರಿ ಎಂದರೆ ತೆಳುವಾದ ಹಳೇ ಕಾಲದ ಇಟ್ಟಿಗೆ. ಅದರ ಗೋಡೆ ನೆಲದ ನೀರನ್ನು ದೀಪದ ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆಳೆಯುತ್ತದೆ. ಇಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರ್‌ನಲ್ಲಿ ಅದು 73.901 ಮುಟ್ಟಿತ್ತು. ನಮ್ಮ ಗಲ್ಲಿ ಎತ್ತರದಲ್ಲಿದೆ, ಪ್ರತಿ ವರ್ಷ ನೀರು ಬಾಗಿಲಿಗೆ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ನೆಲದೊಳಗೆ ತೇವ ಇದ್ದೇ ಇರುತ್ತದೆ. ಗೋಡೆಗೇರಿದ ಆ ತೇವ ಆವಿಯಾಗಿ ಹೋಗಬೇಕು. ಪ್ಲಾಸ್ಟಿಕ್ ಪದರ ಅಡ್ಡ ನಿಂತರೆ ಉಪ್ಪು ಅದರ ಹಿಂದೆಯೇ ಹರಳುಗಟ್ಟಿ ಬಣ್ಣವನ್ನು ದೂಡುತ್ತದೆ. ಸುಣ್ಣಕ್ಕೆ ಸಣ್ಣ ರಂಧ್ರಗಳಿವೆ, ತೇವವನ್ನು ಹೊರಗೆ ಬಿಡುತ್ತದೆ. ಮೇಲಾಗಿ ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಸೀಲನ್ ಅನ್ನು ಸುಣ್ಣ ನಿಲ್ಲಿಸುತ್ತದೆ ಎಂದು ಮಿಸ್ತ್ರಿ ಹೇಳಲಿಲ್ಲ. "ಜೊತೆಗೆ ಬಾಳಬಹುದು" ಎಂದರು, ಅಷ್ಟೆ.

ಹಳೇ ಪೇಂಟ್ ಕೆರೆಯುವಾಗ ಮಾತ್ರ ನಾನು ಹಟ ಹಿಡಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ, ಅದರಲ್ಲೂ ಬಾಗಿಲು ಕಿಟಕಿಯ ಆಯಿಲ್ ಪೇಂಟಿನಲ್ಲಿ, ಏನಿರುತ್ತದೋ. ಒಣಗಿದ್ದನ್ನೇ ಉಜ್ಜಿದರೆ ಧೂಳು ಎದೆಗಿಳಿಯುತ್ತದೆ. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೆರೆದೆವು. ಹಳೇ ಮನೆಯಲ್ಲಿ ಬಾಡಿಗೆಗಿರುವ, ಚಿಕ್ಕ ಮಕ್ಕಳಿರುವ ಸ್ನೇಹಿತರು ಇದನ್ನು ಮರೆಯಬಾರದು.

ಸುಣ್ಣದ ಗಟ್ಟಿಗಳು ಡ್ರಮ್ಮಿನಲ್ಲಿ ಕೊತಕೊತ ಕುದಿದು ಆರುವುದನ್ನು ಬಾಲ್ಯದ ನಂತರ ಮತ್ತೆ ನೋಡಿದೆ. ಎರಡು ದಿನ ನೆನೆಸಿ, ಹಳೇ ಧೋತರದಲ್ಲಿ ಸೋಸಿ, ಗೋಂದು ಬೆರೆಸಿ, ಚೂರು ನೀಲಿ ಹಾಕಿದರು. ಗೋಡೆಗೆ ನೀರು ಹೊಡೆದು ಮೂರು ಕೈ ಬಳಿದರು. ಮೊದಲ ಕೈ ಬಳಿದಾಗ ಏನೂ ಕಾಣಲಿಲ್ಲ, ದುಡ್ಡು ದಂಡ ಅನ್ನಿಸಿತು. ಒಣಗುತ್ತಾ ಬಂದಂತೆ ಬೆಳ್ಳಗಾಯಿತು. ಹಾಗೆ ಆಗುವಾಗ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಪುನಃ ಸುಣ್ಣದ ಕಲ್ಲೇ ಆಗುತ್ತದೆ. ನೆಲದಿಂದ ಒಂದು ಮೊಳ ಗೇರು ಬಳಿಯುತ್ತೇನೆ ಎಂದರು. ಗೇರು ಅಂದರೆ ನಮ್ಮ ಕೆಮ್ಮಣ್ಣು. ಎಲ್ಲ ಸೇರಿ 5,000ದೊಳಗೆ ಮುಗಿಯಿತು.

ಕೆಲಸದ ಮಧ್ಯೆ ಹಳೇ ಬೀರು ಸರಿಸಿದಾಗ ಮಿಸ್ತ್ರಿಯ ಕೈ ನಿಂತಿತು. ಒಳಗೋಡೆಯ ಮೇಲೆ ಮಾಸಿದ ಚಿತ್ರ: ಬಿದಿರು, ಕಮಲದೆಲೆ, ಗಿಳಿ ಜೋಡಿ. ಇಲ್ಲಿಯ ಮದುವೆ ಮನೆಯಲ್ಲಿ ವಧೂವರರ ಕೋಣೆಗೆ ಬರೆಯುವ 'ಕೋಹಬರ್'. ಗಲ್ಲಿಯವರೆಲ್ಲ ಚಾಚಿ ಎಂದು ಕರೆಯುವ ಮನೆಯೊಡತಿ ಬಂದು ನೋಡಿದರು. ಮಗನ ಮದುವೆಗೆ ಅವರೇ ಬರೆದದ್ದಂತೆ. ಮಗ ಸೊಸೆ ಈಗ ಇರುವುದು ಬೆಂಗಳೂರಿನಲ್ಲಿ. ತುಸು ಹೊತ್ತು ಸುಮ್ಮನಿದ್ದು, "ಅಷ್ಟು ಜಾಗ ಬಿಟ್ಟು ಬಳಿಯಿರಿ" ಎಂದರು. ಮಿಸ್ತ್ರಿ ಸುತ್ತಲೂ ಚೌಕ ಬಿಟ್ಟು ಬಳಿದರು.

ನನ್ನ ಮನಸ್ಸಿಗೆ ಅಂಟಿಕೊಂಡದ್ದು ಬೇರೆ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಊರಿಗೆ ಸುಣ್ಣಬಣ್ಣದ ದುಡ್ಡು ಕಳಿಸುತ್ತಿದ್ದೆ. ಆ ವರ್ಷ ಸೂತಕ, ಊರಿನ ಗೋಡೆಗೆ ಸುಣ್ಣವಿಲ್ಲ. ಮುಂದಿನ ವರ್ಷದಿಂದ ಬೀಗ. ನಮ್ಮ ಮಣ್ಣಿನ ಗೋಡೆ ಮಲೆನಾಡಿನ ಮಳೆಗೆ ನಿಂತಿದ್ದು ಒಲೆಯ ಬಿಸಿಯಿಂದ, ವರ್ಷಕ್ಕೊಮ್ಮೆ ತಾಗುವ ಕೈಯಿಂದ. ಅದೇ ದುಡ್ಡಿನಲ್ಲಿ ಯಾರದ್ದೋ ಮನೆಯ ಗೋಡೆ ಬೆಳ್ಳಗಾಗುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ವಿಶ್ವನಾಥ ಧಾಮದ ಉದ್ಘಾಟನೆಗೆ ಮುಂಚೆ ದೇವಸ್ಥಾನದ ದಾರಿಯ ಕಟ್ಟಡಗಳಿಗೆ ಒಂದೇ ತಿಳಿ ಗುಲಾಬಿ ಬಳಿಸಿದ್ದರು. ಹೊರಗಿನ ಗೋಡೆಗೆ ಬಳಿಸಲು ಬೇರೆಯವರು ಬರಬಹುದು. ಒಳಗಿನದ್ದಕ್ಕೆ ಮನೆಯಲ್ಲಿ ಯಾರಾದರೂ ಇರಬೇಕು.

ದೀಪಾವಳಿ ಕಳೆದು ಅಮ್ಮ ಬಂದಳು. ಗೋಡೆಗೆ ಕೈಯಾಡಿಸಿ, ಅಂಗೈಗೆ ಹತ್ತಿದ ಬಿಳುಪು ನೋಡಿ, "ಗೋಂದು ಕಮ್ಮಿಯಾಗಿದೆ" ಎಂದಳು. ಕೋಹಬರ್ ನೋಡಿ ಏನೆಂದು ಕೇಳಿದಳು. ಹೇಳಿದೆ. "ನಮ್ ಕಡೆ ದೀವರ ಮನೇಲಿ ಹಸೆ ಚಿತ್ತಾರ ಬರೀತಾರಲ್ಲ, ಹಂಗೇ" ಎಂದಳು. ಅವಳಿಗೆ ಹಿಂದಿ ಬಾರದು, ಚಾಚಿಗೆ ಕನ್ನಡ ಬಾರದು. ಇಬ್ಬರೂ ದಿನಾ ಸಂಜೆ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಅವರವರ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಈ ಶ್ರಾವಣದಲ್ಲಿ ಗೇರಿನ ಪಟ್ಟಿಯ ಮೇಲೆ ಉಪ್ಪು ಮತ್ತೆ ಕಾಣಿಸಿತು. ಗೋಡೆ ಹಪ್ಪಳವಾಗಲಿಲ್ಲ. ಅಮ್ಮ ಒಣ ಪೊರಕೆಯಲ್ಲಿ ಗುಡಿಸಿ ಹಾಕುತ್ತಾಳೆ, ಕೋಣೆಯಲ್ಲಿ ವಾಸನೆಯಿಲ್ಲ. ಮೊನ್ನೆ ಕೇಳಿದಳು, "ಇಲ್ಲಿಗೆ ಈ ಸಲ ಒಂದು ಕೈ ಸಾಕು. ಊರಿನ ಮನೆಗೆ ಯಾರು ಹೊಡೀತಾರೆ?"

ಸಂಘಮಿತ್ರಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ, ಇಬ್ಬರಿಗೂ, ಹೋಗಲು ಮತ್ತು ಬರಲು. ಕಾಶಿಗೆ ಹೋದವಳು ಸುಣ್ಣ ಹೊಡೆಸಲು ಬರುತ್ತಿದ್ದಾಳೆಂದು ಊರಿನಲ್ಲಿ ಆಗಲೇ ಸುದ್ದಿಯಾಗಿದೆಯಂತೆ.