ಚೌಕ ತೂತಿನ ನಾಣ್ಯ

ಅಬ್ಬಾ ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿ ಹದಿನಾಲ್ಕು ಚೀನೀ ನಾಣ್ಯಗಳು ಸಿಕ್ಕವು. ಎಲ್ಲದರ ನಡುವೆಯೂ ಚೌಕ ತೂತು. ಗುಜರಿಯವನು ಹಿತ್ತಾಳೆಯ ತೂಕಕ್ಕೆ ಕೇಳಿದ. ಕೊಡುವ ಮುನ್ನ ಒಮ್ಮೆ ಓದಿ ನೋಡೋಣವೆನಿಸಿತು.

ಓದಲು ಚೀನೀ ಭಾಷೆಯೇ ಬರಬೇಕೆಂದಿಲ್ಲ. ಇಂಥ ನಾಣ್ಯದಲ್ಲಿ ಸಾಮಾನ್ಯವಾಗಿ ನಾಲ್ಕೇ ಅಕ್ಷರ. ಮೇಲಿನದು ಮತ್ತು ಕೆಳಗಿನದು ದೊರೆಯ ಆಳ್ವಿಕೆಯ ಹೆಸರು. ಬಲ, ಎಡದವು 'ಟೊಂಗ್ ಬಾವ್', ಅಂದರೆ ಚಲಾವಣೆಯ ಸಂಪತ್ತು. 621ರಲ್ಲಿ ಟಾಂಗ್ ದೊರೆಗಳು ಆರಂಭಿಸಿದ ಈ ಮಾದರಿ 20ನೇ ಶತಮಾನದ ಆರಂಭದವರೆಗೂ ಬಾಳಿತು.

ಇವು ಒತ್ತಿದ ನಾಣ್ಯಗಳಲ್ಲ, ಎರಕ ಹೊಯ್ದವು. ಮರಳಿನ ಅಚ್ಚಿನಿಂದ ಕೊಂಬೆಗೆ ಎಲೆ ಅಂಟಿದಂತೆ ಹೊರಬಂದ ನಾಣ್ಯಗಳನ್ನು ಮುರಿದು, ಚೌಕ ಸರಳಿಗೆ ಪೋಣಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದರು. ತೂತು ದುಂಡಗಿದ್ದರೆ ನಾಣ್ಯ ತಿರುಗಿಬಿಡುತ್ತಿತ್ತು. ಅಬ್ಬಾನ ನಾಣ್ಯಗಳಲ್ಲಿ ಮೂರು, ಫೆಂಗ್‌ಶುಯಿ ಅಂಗಡಿಯಲ್ಲಿ ಕೆಂಪು ದಾರ ಕಟ್ಟಿ ಮಾರುವ ಹೊಸ ನಕಲುಗಳು. ಹತ್ತು ಹಿತ್ತಾಳೆಯವು. ಅವುಗಳ ಬೆನ್ನಿಗೆ ಮಂಚು ಲಿಪಿಯಲ್ಲಿ ಟಂಕಸಾಲೆಯ ಹೆಸರು.

ಉಳಿದ ಒಂದು ಮಾತ್ರ ಕೆಂಪು ತಾಮ್ರದ್ದು. ಮುಂದೆ ಚಿಯೆನ್‌ಲುಂಗ್ ದೊರೆಯ ಹೆಸರು. ಹಿಂದೆ ಎಡಕ್ಕೆ ಮಂಚು ಅಕ್ಷರ, ಬಲಕ್ಕೆ ಏನೋ ಗೀಚಿದಂತಿತ್ತು. 'ಸವೆದಿದೆ' ಎಂದು ಚೀಟಿ ಬರೆದು ಎತ್ತಿಟ್ಟೆ.

ಒಂದು ಸಂಜೆ ಮಗಳು ಅದನ್ನು ಅಡ್ಡ ತಿರುಗಿಸಿ ಹಿಡಿದಳು. "ಅಬ್ಬಾ, ಇದು ನಿಮ್ಮ ಉರ್ದು ಅಕ್ಷರದ ಹಾಗಿದೆಯಲ್ಲ?"

ನೋಡಿದೆ. ಅಲಿಫ್, ಖಾಫ್, ಸೀನ್, ವಾವ್. ಅಕ್ಸು! ಶಿನ್‌ಜಿಯಾಂಗ್‌ನ ಊರು, ತುರ್ಕಿ ಮಾತಿನಲ್ಲಿ 'ಬಿಳಿ ನೀರು'. 1759ರಲ್ಲಿ ಆ ಸೀಮೆಯನ್ನು ಗೆದ್ದುಕೊಂಡ ಚಿಯೆನ್‌ಲುಂಗ್, ಅಲ್ಲಿಯ ನಾಣ್ಯದ ಮೇಲೆ ಅಲ್ಲಿಯ ಮುಸ್ಲಿಮರ ಲಿಪಿಗೂ ಜಾಗ ಕೊಟ್ಟಿದ್ದ. ಅದು ಪ್ರೀತಿಯಿಂದಲ್ಲದಿರಬಹುದು. ಆದರೆ ಸಂತೆಯಲ್ಲಿ ನಡೆಯಬೇಕಾದ ನಾಣ್ಯ ಸಂತೆಯವರ ಅಕ್ಷರವನ್ನು ಹೊರದೆ ಇರಲಾದೀತೆ? 1799ರಲ್ಲಿ ಆತ ಸತ್ತ ಮೇಲೂ ಅಲ್ಲಿ ಅವನ ಹೆಸರಿನಲ್ಲೇ ನಾಣ್ಯ ಹೊಯ್ದರು. ಹಾಗಾಗಿ ಹೆಸರು ನೋಡಿದ ಮಾತ್ರಕ್ಕೆ ಇದರ ಕಾಲ ಹೇಳಲಾಗದು.

ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು. ಬಾಲ್ಯದಿಂದ ಓದಿದ ಅಕ್ಷರವನ್ನೇ ನಾನು ಸವಕಲೆಂದು ಬರೆದಿಟ್ಟಿದ್ದೆ. ಅದನ್ನು ಕಂಡುಹಿಡಿದವಳು ಆ ಅಕ್ಷರ ಕಲಿಯದವಳು. "ನಿಮ್ಮ ಉರ್ದು" ಎಂದಳಲ್ಲ, ಆ 'ನಿಮ್ಮ' ಎಂಬ ಮಾತೂ ಚುಚ್ಚಿತು. ಅವಳಿಗೆ ಕಲಿಸಲು ನನಗೆ ಒಂದು ದಿನವೂ ಬಿಡುವಾಗಿರಲಿಲ್ಲ.

ಅಂದು ರಾತ್ರಿ ಹಳೆಯ ಚೀಟಿ ಹರಿದು ಹಾಕಿ, ಹೊಸದರಲ್ಲಿ ಅವಳಿಂದಲೇ ಆ ನಾಲ್ಕಕ್ಷರ ಬರೆಸಿದೆ. ಬರೆದು ಮುಗಿಸಿ ಕೇಳಿದಳು: "ಅಲಿಫ್ ಆದ ಮೇಲೆ ಯಾವುದು ಅಬ್ಬಾ?"